ಯಾರನ್ನೂ ನೋಯಿಸದ ಪತ್ರಿಕಾ ನೋಟ

ಆ ಸೋಮವಾರ ಬೆಳಗ್ಗೆ ಹೊಸಕಟ್ಟೆ ಪಟ್ಟಣದ ಒಂದು ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಒಂದೇ ಕಾರ್ಯಕ್ರಮ ಕೇಳುತ್ತಿದ್ದರು. ಮಾದೇಶ ಬಸ್ ಡಿಪೋದ ಸಮವಸ್ತ್ರ ತೊಟ್ಟು ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಸುತ್ತಿದ್ದ. ಹರ್ಷಿತಾ ಚಾಪೆಯ ಮೇಲೆ ಕಾಲು ನೀಡಿ ಕೂತು, ಎರಡು ತಿಂಗಳ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಪುಟ್ಟಿ ಎಂದೇ ಕರೆಯುತ್ತಿದ್ದರು.

ಇಬ್ಬರ ಕಿವಿಯಲ್ಲೂ ಮಂಟೇಲಿಂಗುವಿನ ದನಿ. ಸೀಮೆ ಬಾನುಲಿಯ 'ಪತ್ರಿಕಾ ನೋಟ'ದಲ್ಲಿ ಆತ ಅಂದಿನ ಕನ್ನಡ ಪತ್ರಿಕೆಗಳು ಯಾವ ಸುದ್ದಿಯನ್ನು ಹೇಗೆ ಬರೆದಿವೆ ಎಂದು ಓದಿ ಹೇಳುತ್ತಿದ್ದ. ನಡುವೆ ಒಂದು ಸುದ್ದಿಗೆ ಮಾದೇಶ ತಟ್ಟೆಯಿಂದ ತಲೆ ಎತ್ತಿದ.

"ಕೇಳುಸ್ಕೊಂಡ್ಯಾ?"

"ಹೂಂ, ಕೇಳ್ತಾ ಇವ್ನಿ" ಎಂದಳು ಹರ್ಷಿತಾ, ಮಗುವಿನ ಬೆನ್ನು ನೀವುತ್ತ.

ಮಾದೇಶ ಕೈ ತೊಳೆದು ಕೆಲಸಕ್ಕೆ ಹೊರಟ. ಇಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ. ಮೊದಲು ಹಾಗಿರಲಿಲ್ಲ. ಹರ್ಷಿತಾಳ ದೊಡ್ಡಪ್ಪ ಆಳುವ ಪಕ್ಷದಿಂದ ಪುರಸಭೆಗೆ ಆರಿಸಿ ಬಂದವರು. ಮಾದೇಶ ಡಿಪೋದಲ್ಲಿ ವಿರೋಧ ಪಕ್ಷದ ಕಾರ್ಮಿಕ ಸಂಘದವನು. ಮದುವೆಯಾದ ಹೊಸದರಲ್ಲಿ ಇದೇ ಪತ್ರಿಕಾ ನೋಟ ಮುಗಿಯುವಷ್ಟರಲ್ಲಿ ಮನೆಯಲ್ಲಿ ಜಗಳ ಶುರುವಾಗುತ್ತಿತ್ತು. ಒಲೆಯ ಮೇಲಿನ ಸಾರು ಸೀದುಹೋದದ್ದೂ ಉಂಟು. ಸಮಶ್ರುತಿ ಬಂದಮೇಲೆ ಅದೆಲ್ಲ ನಿಂತಿತ್ತು.

ಸಮಶ್ರುತಿಯನ್ನು ಕಂಡುಹಿಡಿದವಳು ಡಾ. ಧೃತಿ ಅರಸ್. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ, ನಾವು ಕೇಳಿದ್ದನ್ನು ಮೆದುಳು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದಳು. ಆಕೆಯ ಇಬ್ಬರು ಸೋದರಮಾವಂದಿರು ಯಾವುದೋ ಸುದ್ದಿಯ ಮೇಲೆ ಮಾತಿಗೆ ಮಾತು ಬೆಳೆಸಿ, ಹೆತ್ತ ತಾಯಿಯ ತಿಥಿಗೂ ಒಂದೇ ಪಂಕ್ತಿಯಲ್ಲಿ ಕೂತಿರಲಿಲ್ಲ. ಅದನ್ನು ಕಂಡು ನೊಂದಿದ್ದ ಧೃತಿಗೆ ಸೀಮೆ ಬಾನುಲಿಯ ಪಾಡು ಬೇಗ ಅರ್ಥವಾಯಿತು. ಅಲ್ಲಿಗೆ ಪ್ರತಿದಿನ ಕರೆಗಳು ಬರುತ್ತಿದ್ದವು. ಮಂಟೇಲಿಂಗು ಸರ್ಕಾರದ ಬಾಲಬಡುಕ, 'ಸುಪಥ' ಪತ್ರಿಕೆಯನ್ನೇ ಮೊದಲು ಓದುತ್ತಾನೆ ಎಂದು ಅರ್ಧ ಜನ. ಅವನು ವಿರೋಧ ಪಕ್ಷದ ಏಜೆಂಟ್, 'ಮುಂಗೋಳಿ' ಪತ್ರಿಕೆಗೇ ಹೆಚ್ಚು ಹೊತ್ತು ಕೊಡುತ್ತಾನೆ ಎಂದು ಉಳಿದರ್ಧ. ಎರಡೂ ದೂರು ಒಂದೇ ದಿನದ ಕಾರ್ಯಕ್ರಮದ ಮೇಲೆ. ಒಬ್ಬರು ಅವನ ಸ್ಕೂಟರಿಗೆ ಸಗಣಿ ಬಳಿದರು, ಇನ್ನೊಬ್ಬರು ಚಪ್ಪಲಿ ಎಸೆದರು. ಅವನ ಮಗಳು ಕಾಲೇಜಿನಲ್ಲಿ ಅಪ್ಪನ ಹೆಸರು ಹೇಳಲು ಹಿಂಜರಿಯುವಂತಾಯಿತು. ಕಾರ್ಯಕ್ರಮವನ್ನೇ ನಿಲ್ಲಿಸಿಬಿಡೋಣ ಎಂದು ಬಾನುಲಿಯವರು ಯೋಚಿಸುತ್ತಿದ್ದಾಗ ಧೃತಿ ತನ್ನ ಯಂತ್ರವನ್ನು ಅವರ ಮುಂದಿಟ್ಟಳು.

ಸುದ್ದಿಯೊಂದು ಒಂದು ಕಡೆಗೆ ವಾಲಿದೆ ಎನಿಸಿದ ಕ್ಷಣ, ನಮಗೇ ತಿಳಿಯದಂತೆ ನಮ್ಮ ದವಡೆ ಚೂರು ಬಿಗಿಯುತ್ತದೆ, ಕಿವಿಯೊಳಗಿನ ಚರ್ಮ ಬೆವರುತ್ತದೆ, ನಾಡಿ ಒಂದೆರಡು ಬಡಿತ ಹೆಚ್ಚುತ್ತದೆ. ಇಯರ್‌ಬಡ್ಡಿನ ಒಳಮೈಗೆ ಅಂಟಿಸಿದ ಸಂವೇದಕಗಳು ಇವನ್ನು ಅಳೆಯುತ್ತಿದ್ದವು. ಯಾವ ಕೇಳುಗನಿಗೆ ಯಾವ ಮಾತು ಕಸಿವಿಸಿ ತರುತ್ತದೆ ಎಂದು ಸಮಶ್ರುತಿ ಮುಂಚಿತವಾಗಿಯೇ ಲೆಕ್ಕ ಹಾಕುತ್ತಿತ್ತು. ಮಂಟೇಲಿಂಗು ಸ್ಟುಡಿಯೋದಲ್ಲಿ ಎಲ್ಲವನ್ನೂ ಓದುತ್ತಿದ್ದ. ಅವನ ದನಿ ಒಬ್ಬೊಬ್ಬರ ಕಿವಿ ತಲುಪುವ ಮೊದಲು ಯಂತ್ರ ಸುದ್ದಿಗಳನ್ನು ಹಿಂದೆ ಮುಂದೆ ಮಾಡುತ್ತಿತ್ತು, ಕೆಲವನ್ನು ಮೊಟಕುಗೊಳಿಸುತ್ತಿತ್ತು. 'ಆರೋಪಿಸಿದೆ' ಎಂಬುದನ್ನು 'ಹೇಳಿದೆ' ಎಂದು ಅವನದೇ ದನಿಯಲ್ಲಿ ಬದಲಿಸುತ್ತಿತ್ತು. ಸುಳ್ಳನ್ನು ಮಾತ್ರ ಸೇರಿಸಬಾರದೆಂದು ಧೃತಿ ಕಟ್ಟುನಿಟ್ಟಾದ ನಿಯಮ ಮಾಡಿದ್ದಳು. ಇಂಥ ಬದಲಾವಣೆಗೆ ಮಂಟೇಲಿಂಗುವೂ ಒಪ್ಪಿ ಸಹಿ ಹಾಕಿದ್ದ. ಕೇಳುಗರಿಗೆ ಮಾತ್ರ, ಯಂತ್ರ ಸುದ್ದಿಯನ್ನು ಹಿತವಾಗಿಸುತ್ತದೆ ಎಂದಷ್ಟೇ ಗೊತ್ತಿತ್ತು, ಪಕ್ಕದವರ ಕಿವಿಗೆ ಬೇರೆಯೇ ಬೀಳುತ್ತದೆಂದು ತಿಳಿದಿರಲಿಲ್ಲ.

ಒಂದೇ ತಿಂಗಳಿಗೆ ದೂರಿನ ಕರೆಗಳು ನಿಂತುಹೋದವು. "ಈಗ ಮಂಟೇಲಿಂಗು ಸರಿಹೋದ" ಎಂದು ಎರಡೂ ಕಡೆಯವರು ಹೊಗಳಿದರು. ಧೃತಿಗೆ ರಾಜ್ಯ ಪ್ರಶಸ್ತಿ ಬಂತು. ಅವಳ ಸೋದರಮಾವಂದಿರು ಅವಳ ಸನ್ಮಾನಕ್ಕೆ ಒಂದೇ ಕಾರಿನಲ್ಲಿ ಬಂದಿಳಿದರು.

ಆ ಸೋಮವಾರ ಕಳೆದು ಬುಧವಾರ ಮಧ್ಯಾಹ್ನ ಪುಟ್ಟಿ ಹಾಲು ಕುಡಿಯಲಿಲ್ಲ. ಹರ್ಷಿತಾಳ ಎದೆಹಾಲು ಸಾಲುತ್ತಿರಲಿಲ್ಲವಾಗಿ ಹಾಲಿನ ಪುಡಿ ಕಲಸಿ ಕೊಡುತ್ತಿದ್ದಳು. ಆಸ್ಪತ್ರೆಯ ನರ್ಸು ಹೇಳಿಕೊಟ್ಟಿದ್ದಂತೆ ನಲ್ಲಿಯ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆ ಮುಚ್ಚಿಡುತ್ತಿದ್ದಳು. ಮಗುವಿನ ತುಟಿ ನೇರಳೆ ಹಣ್ಣು ತಿಂದಂತೆ ಬಣ್ಣಗಟ್ಟಿತ್ತು. ಉಗುರುಗಳೂ ಹಾಗೆಯೇ. ಚಳಿಯಿರಬೇಕೆಂದು ಎದೆಗವಚಿಕೊಂಡಳು. ಮಗು ಅಳಲಿಲ್ಲ. ಅಳದಿದ್ದುದೇ ಅವಳನ್ನು ಹೆದರಿಸಿತು. ಪಕ್ಕದ ಮನೆಯವರ ಆಟೋ ಹತ್ತಿ ಆಸ್ಪತ್ರೆಗೆ ಓಡಿದಳು.

ವೈದ್ಯರು ಮೊದಲು ಹೃದಯದ ತೊಂದರೆ ಎಂದುಕೊಂಡರು. ಪರೀಕ್ಷೆಗೆ ತೆಗೆದ ರಕ್ತ ಕೆಂಪಾಗಿರದೆ ಚಾಕೊಲೇಟಿನ ಬಣ್ಣಕ್ಕಿದ್ದುದನ್ನು ನೋಡಿ, ಇದು ಕುಡಿದ ನೀರಿನಿಂದ ಎಂದು ಅವರಿಗೆ ಹೊಳೆಯಿತು. ನೀರಿನಲ್ಲಿ ನೈಟ್ರೇಟ್ ಎಂಬ ಲವಣ ಹೆಚ್ಚಾದರೆ ದೊಡ್ಡವರಿಗೆ ಅಷ್ಟಾಗಿ ಏನೂ ಆಗದು. ಹಸುಗೂಸಿನ ಹೊಟ್ಟೆಯಲ್ಲಿ ಅದು ಬೇರೆ ರೂಪ ತಾಳಿ ರಕ್ತಕ್ಕೆ ಸೇರುತ್ತದೆ. ಆಗ ರಕ್ತ ಹರಿಯುತ್ತದೆ, ಆದರೆ ಆಮ್ಲಜನಕವನ್ನು ಹೊರಲಾರದು. ಗಾಳಿಯ ನಡುವೆಯೇ ಮಗು ಉಸಿರಿಲ್ಲದಂತಾಗುತ್ತದೆ. ನೀರನ್ನು ಕುದಿಸಿದರೆ ಈ ಲವಣ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಹರ್ಷಿತಾ ಎಷ್ಟು ಜೋಪಾನ ಮಾಡಿದ್ದಳೋ ಅಷ್ಟೂ ಮಗುವಿಗೆ ಮುಳುವಾಗಿತ್ತು.

ಇದಕ್ಕೊಂದು ಚುಚ್ಚುಮದ್ದಿದೆ. ಅದು ಮೈಸೂರಿನಿಂದ ಬರಬೇಕಿತ್ತು. ಬರುವಷ್ಟರಲ್ಲಿ ಪುಟ್ಟಿ ಹೋಗಿಬಿಟ್ಟಿತ್ತು. ಆ ವಾರ ಹೊಸಕಟ್ಟೆಯಲ್ಲಿ ಇನ್ನೂ ಎರಡು ಹಸುಗೂಸುಗಳು ತೀರಿಕೊಂಡವು.

ಎರಡು ವಾರದ ನಂತರ ಗಂಡ ಹೆಂಡತಿ ಸೀಮೆ ಬಾನುಲಿಯ ಕಚೇರಿಗೆ ಬಂದರು. ಒಟ್ಟಿಗೆ ಬಂದರೂ ಒಂದೇ ಬೆಂಚಿನ ಮೇಲೆ ಕೂರಲಿಲ್ಲ. ಮಂಟೇಲಿಂಗು ಹೊರಗೆ ಬಂದಾಗ ಹರ್ಷಿತಾ ಎದ್ದು ನಿಂತಳು.

"ನೀವೇನಾ ಸಾರ್ ಪೇಪರ್ ಓದೋರು?"

"ಹೌದಮ್ಮಾ. ಕೂತ್ಕಳಿ."

"ಕೂರಕ್ಕೆ ಬಂದಿಲ್ಲ ಸಾರ್. ಒಂದೇ ಮಾತು ಕೇಳ್ಬೇಕಿತ್ತು. ಆ ಸೋಮವಾರ ನೀವು ನಮ್ಮೂರ ನೀರು ಕೂಸ್ಗೆ ಕೊಡ್ಬ್ಯಾಡಿ ಅಂತ ಹೇಳುದ್ರಾ, ಇಲ್ವಾ? ಹೇಳುದ್ರು ಅಂತಾರೆ ಇವ್ರು. ಹೇಳಿದ್ರೆ ನಂಗ್ಯಾಕೆ ಕೇಳ್ಲಿಲ್ಲ? ಇವ್ರ ಮನೆಯೋರೆಲ್ಲ, ಗೊತ್ತಿದ್ದೂ ಮಗೀಗೆ ವಿಷ ಕುಡಿಸ್ಬುಟ್ಲು ಅಂತಾವ್ರೆ."

ಮಾದೇಶ ನೆಲ ನೋಡುತ್ತಲೇ ಹೇಳಿದ: "ನಂಗೆ ಚೆನ್ನಾಗ್ ಕೇಳುಸ್ತು ಸಾರ್. ಹಸುಗೂಸುಗೆ ನಲ್ಲಿ ನೀರು ಬ್ಯಾಡ, ಕಾಯ್ಸುದ್ರೂ ಬ್ಯಾಡ ಅಂದ್ರಿ. ಇವ್ಳು ಎದುರ್ಗೇ ಕೂತಿದ್ಲು. ಕೇಳುಸ್ಕೊಂಡ್ಯಾ ಅಂದೆ, ಹೂಂ ಅಂದ್ಲು. ಪಾತ್ರೇಲಿ ನೀರು ಮುಚ್ಚಿಟ್ಟಿದ್ದು ನೋಡ್ದೆ. ಅಂಗಡಿಯಿಂದ ಫಿಲ್ಟರ್ ನೀರು ತಂದವ್ಳೆ ಅಂದ್ಕಂಡೆ."

"ಓದಿದ್ದೀನಮ್ಮಾ" ಎಂದ ಮಂಟೇಲಿಂಗು. "ಎರಡು ಸಲ ಓದಿದ್ದೀನಿ. ಕಾಯಿಸಿದ್ರೂ ಹೋಗಲ್ಲ ಅನ್ನೋ ಮಾತನ್ನ ಒತ್ತಿ ಓದಿದ್ದೀನಿ."

ಹರ್ಷಿತಾ ಗೋಡೆಗೆ ಕೈಯೂರಿದಳು. "ಹಂಗಾರೆ ನಂಗೆ ಹುಚ್ಚು ಹಿಡಿದದೆ" ಎಂದಳು.

ಮಂಟೇಲಿಂಗು ಧೃತಿಯನ್ನು ಕರೆಸಿದ. ಯಾರ ಕಿವಿಗೆ ಏನು ತಲುಪಿತೆಂಬುದನ್ನು ಸಮಶ್ರುತಿ ಕಾಪಿಡುತ್ತಿತ್ತು. ಆದರೆ ಅದನ್ನು ತೆಗೆದು ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಧೃತಿ ಮೊದಲು ಮಾದೇಶನದನ್ನು ಧ್ವನಿವರ್ಧಕಕ್ಕೆ ಹಾಕಿದಳು.

"ಹೊಸಕಟ್ಟೆಯ ರಸಗೊಬ್ಬರ ಗೋದಾಮಿನಿಂದ ನೈಟ್ರೇಟ್ ಸೋರಿ ಕುಡಿಯುವ ನೀರು ಸೇರಿದೆ ಎಂದು 'ಮುಂಗೋಳಿ' ಮುಖಪುಟದಲ್ಲೇ ಆರೋಪಿಸಿದೆ. ಗೋದಾಮು ಸಚಿವರ ಅಳಿಯನದು, ಆದ್ದರಿಂದಲೇ ಸರ್ಕಾರ ಕಣ್ಣು ಮುಚ್ಚಿದೆ ಎಂದಿರುವ ಪತ್ರಿಕೆ, ಹಸುಗೂಸುಗಳಿಗೆ ಈ ನೀರನ್ನು ಕುದಿಸಿಯೂ ಕೊಡಬಾರದು ಎಂಬ ತಜ್ಞರ ಎಚ್ಚರಿಕೆಯನ್ನು ಪ್ರಕಟಿಸಿದೆ."

ಆಮೇಲೆ ಹರ್ಷಿತಾಳದು. ಅದೇ ದನಿ, ಅದೇ ಗಾಂಭೀರ್ಯ.

"ಹೊಸಕಟ್ಟೆಯ ನೀರಿನ ಗುಣಮಟ್ಟದ ಬಗ್ಗೆ ಒಂದು ಪತ್ರಿಕೆ ಪ್ರಶ್ನೆ ಎತ್ತಿದೆ. ಪುರಸಭೆಯವರು ಪ್ರೌಢಶಾಲೆಯ ಮೈದಾನದಲ್ಲಿ ಟ್ಯಾಂಕರ್ ನೀರಿನ ವ್ಯವಸ್ಥೆ ಮಾಡಿರುವುದನ್ನು 'ಸುಪಥ' ಶ್ಲಾಘಿಸಿದೆ."

ಅಷ್ಟೇ. ಮುಂದೆ ಕ್ರಿಕೆಟ್ಟಿನ ಸುದ್ದಿ ಬಂತು.

ಮಾದೇಶ ಥಟ್ಟನೆ ತಲೆ ಎತ್ತಿದ. "ಟ್ಯಾಂಕರಾ? ಯಾವ ಟ್ಯಾಂಕರು?"

"ಇಸ್ಕೂಲ್ ಫೀಲ್ಡಲ್ಲಿ ಇತ್ತಲ್ಲ" ಎಂದಳು ಹರ್ಷಿತಾ. "ನಲ್ಲೀಲಿ ನೀರು ಬರ್ದೇ ಇರೋರ್ಗೆ ಅಂದ್ಕಂಡೆ. ನಮ್ಗೆ ಬರ್ತಿತ್ತಲ್ಲಾ, ಅದಕ್ಕೇ ಹೋಗ್ಲಿಲ್ಲ."

"ಮನೆ ಹಿಂದ್ಗಡೆ ಬೀದೀಲಿ... ನಂಗೆ ಟ್ಯಾಂಕರ್ ಸುದ್ದೀನೇ ಹೇಳ್ಲಿಲ್ವಲ್ಲ!"

ಗಂಡನಿಗೆ ಅಪಾಯ ಕೇಳಿಸಿತ್ತು, ಒಳ್ಳೆಯ ನೀರು ಎಲ್ಲಿದೆ ಎಂಬುದು ಕೇಳಿಸಿರಲಿಲ್ಲ. ಹೆಂಡತಿಗೆ ಒಳ್ಳೆಯ ನೀರು ಕೇಳಿಸಿತ್ತು, ಅದು ಏಕೆ ಬೇಕೆಂಬುದು ಕೇಳಿಸಿರಲಿಲ್ಲ. ಹಿಂದಿನಂತೆ ಆ ಬೆಳಗ್ಗೆಯೂ ಇಬ್ಬರು ಕಿತ್ತಾಡಿದ್ದರೆ, ನಿಮ್ಮ ಸಚಿವರ ಅಳಿಯ ಹೀಗೆ, ನಮ್ಮ ದೊಡ್ಡಪ್ಪ ಟ್ಯಾಂಕರ್ ಕಳಿಸಿದ್ದು ಹಾಗೆ ಎಂದು ಕೂಗಾಡಿದ್ದರೆ, ಮಗು ಬದುಕುತ್ತಿತ್ತು. ಇದು ನಾಲ್ವರಿಗೂ ಒಟ್ಟಿಗೇ ಹೊಳೆಯಿತು.

ಧೃತಿ ಪರದೆಯ ಮೇಲೆ ಯಂತ್ರದ ಲೆಕ್ಕಾಚಾರವನ್ನು ತೆರೆದಳು. ಎಚ್ಚರಿಕೆಯ ಮಾತು ಸಚಿವರ ಅಳಿಯನ ವಾಕ್ಯಕ್ಕೇ ಅಂಟಿಕೊಂಡಿತ್ತು. ಆ ವಾಕ್ಯಕ್ಕೆ ಹರ್ಷಿತಾಳ ದವಡೆ ಬಿಗಿಯುತ್ತದೆಂದು ಯಂತ್ರ ಎಣಿಸಿ ಎರಡನ್ನೂ ಒಟ್ಟಿಗೆ ಕತ್ತರಿಸಿತ್ತು. ಪುರಸಭೆಯನ್ನು ಹೊಗಳುವ ಟ್ಯಾಂಕರಿನ ಮಾತನ್ನು ಮಾದೇಶನಿಗೆ ಹಾಗೆಯೇ ಕತ್ತರಿಸಿತ್ತು. "ಅದು ಸುಳ್ಳು ಹೇಳಿಲ್ಲ" ಎಂದಳು ಧೃತಿ. ಹೇಳಿದ ಮರುಕ್ಷಣವೇ ಅದು ಎಂಥ ಮಾತೆಂದು ಅವಳಿಗೇ ಅನಿಸಿತು.

ಮಂಟೇಲಿಂಗು ಧ್ವನಿವರ್ಧಕವನ್ನೇ ನೋಡುತ್ತಿದ್ದ. "ಪ್ರಶ್ನೆ ಎತ್ತಿದೆ ಅಂತ ನಾನು ಅಂದೇ ಇಲ್ಲ. ನನ್ನ ದನೀಲೇ ಬಂತಲ್ಲ ಮೇಡಂ. ನನ್ನ ಮಗಳು ಕೇಳಿದ್ರೂ ಅಪ್ಪಂದೇ ಅಂತಾಳೆ." ಹೇಳಲೋ ಬೇಡವೋ ಎಂಬಂತೆ ಸೇರಿಸಿದ: "ಹಿಂಗಾಗ್ಬೋದು ಅಂತ 'ಮುಂಗೋಳಿ'ಯೋರು ಯುಗಾದಿ ಹೊತ್ತಿಗೇ ಬರೆದಿದ್ರಲ್ಲ ಮೇಡಂ."

"ಏನು ಬರೆದಿದ್ದರು?"

"ಸಂಪಾದಕೀಯನೇ ಬರೆದಿದ್ರು. ಜನಕ್ಕೆ ಬೇಜಾರಾಗ್ದಿರಲಿ ಅಂತ ಈ ಯಂತ್ರ ಅಪಾಯದ ಸುದ್ದೀನೂ ನುಂಗಿಬಿಡಬೋದು, ಡಾಕ್ಟರ್ ಧೃತಿಯೋರು ಉತ್ತರ ಕೊಡ್ಬೇಕು ಅಂತ. ನಾನೇ ಓದಿದೆ. ನೀವು ಕೇಳಿಸ್ಕೊಂಡೂ ಸುಮ್ನಿದ್ದೀರಿ ಅಂದ್ಕೊಂಡೆ. ದೊಡ್ಡೋರು, ನಾನ್ಯಾಕೆ ಕೆದಕೋದು ಅಂತ ಬಿಟ್ಟೆ."

ಧೃತಿ ಆ ದಿನವನ್ನು ಹುಡುಕಿ ತೆಗೆದಳು. ಕೇಳುಗರ ಪಟ್ಟಿಯಲ್ಲಿ ತನ್ನದೇ ಹೆಸರನ್ನು ಒತ್ತಿದಳು. ಪತ್ರಿಕೆಗಳನ್ನು ತರಿಸುವುದನ್ನು ಆಕೆ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಪತ್ರಿಕಾ ನೋಟವನ್ನು ಮಾತ್ರ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ತಾನು ಯಾವ ಪಕ್ಷಕ್ಕೂ ಸೇರಿದವಳಲ್ಲ, ಆದ್ದರಿಂದ ತನಗೆ ಎಲ್ಲವೂ ಇದ್ದಂತೆಯೇ ಕೇಳಿಸುತ್ತದೆ ಎಂದು ನಂಬಿದ್ದಳು.

ಮಂಟೇಲಿಂಗುವಿನ ದನಿ ಸೌಮ್ಯವಾಗಿ ಹೇಳಿತು: "ಸಮಶ್ರುತಿಯ ಯಶಸ್ಸಿನ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ಮುಂದುವರಿದಿದೆ."

ಧೃತಿ ಅದನ್ನೇ ಮತ್ತೆ ಹಾಕಿದಳು. ಮತ್ತೂ ಒಮ್ಮೆ. ಆ ಬೆಳಗ್ಗೆ ಈ ಮಾತು ಕೇಳಿ ಹಿಗ್ಗಿ, ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡದ್ದು ಅವಳಿಗೆ ನೆನಪಾಯಿತು. ತಾನು ಮಾಡಿದ ಯಂತ್ರ ತನ್ನ ಕೆನ್ನೆಯನ್ನೇ ಸವರಿ ಮಲಗಿಸಿತ್ತು.

ಹರ್ಷಿತಾ ಅವಳ ಮುಖವನ್ನೇ ನೋಡುತ್ತಿದ್ದಳು. ಬೈಯಲೆಂದೇ ಬಂದಿದ್ದವಳ ಬಾಯಿಂದ ಬಂದದ್ದು ಒಂದೇ ಮಾತು.

"ನಿಮ್ಗೂ ಕೇಳ್ಲಿಲ್ವಾ?"

ಮರುದಿನವೇ ಧೃತಿ ಸಮಶ್ರುತಿಯನ್ನು ನಿಲ್ಲಿಸಿದಳು. ಮಂಟೇಲಿಂಗು ಓದಿದ್ದನ್ನು ಬಾನುಲಿಯವರು ಇದ್ದಂತೆಯೇ ಎಲ್ಲರಿಗೂ ಕೇಳಿಸತೊಡಗಿದರು. ಜನ ಸಮಾಧಾನಪಡುತ್ತಾರೆ, ಕನಿಷ್ಠ ಕ್ಷಮಿಸುತ್ತಾರೆ ಎಂದು ಆಕೆ ಎಣಿಸಿದ್ದಳು. ಆದದ್ದು ಬೇರೆ. ಸೀಮೆ ಬಾನುಲಿಯ ಕೇಳುಗರು ದಿನದಿನಕ್ಕೆ ಕರಗಿದರು. ಅದೇ ಬಗೆಯ ಯಂತ್ರವನ್ನು ಮಾರುವ ಖಾಸಗಿ ಕಂಪನಿಯೊಂದಕ್ಕೆ ಗಿರಾಕಿಗಳು ಮುಗಿಬಿದ್ದರು. ಸಮಶ್ರುತಿಯನ್ನು ಮರಳಿ ತನ್ನಿ, ನಮ್ಮ ಮನೆಗಳ ನೆಮ್ಮದಿ ಹಾಳಾಗಿದೆ ಎಂದು ಸಹಿ ಸಂಗ್ರಹವೂ ನಡೆಯಿತು. ಸಹಿಗಳನ್ನು ನೋಡುತ್ತಿದ್ದ ಮಂಟೇಲಿಂಗು ಒಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ. ಅವು ಹೊಸಕಟ್ಟೆಯಿಂದ ಬಂದ ಸಹಿಗಳಾಗಿದ್ದವು. ಹೊಸಕಟ್ಟೆಯ ಜನವೇ ಹೀಗೆ ಕೇಳಿಯಾರೆಂದು ಧೃತಿ ಕನಸಿನಲ್ಲೂ ಎಣಿಸಿರಲಿಲ್ಲ.

ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಹೊಸಕಟ್ಟೆಯ ಪುರಭವನದಲ್ಲಿ ಕೂತಿತು. ಸಮಿತಿಯ ಮುಂದೆ ಧೃತಿ ಏನನ್ನೂ ಮುಚ್ಚಿಡಲಿಲ್ಲ. ಎಚ್ಚರಿಕೆಯ ಸುದ್ದಿಗೂ ಅಭಿಪ್ರಾಯಕ್ಕೂ ವ್ಯತ್ಯಾಸ ಮಾಡುವುದನ್ನು ಯಂತ್ರಕ್ಕೆ ತಾನು ಕಲಿಸಿರಲಿಲ್ಲ, ಹೊಣೆ ತನ್ನದು ಎಂದಳು. ಸಾರ್ವಜನಿಕರಲ್ಲಿ ಯಾರಾದರೂ ಪ್ರಶ್ನೆ ಕೇಳಬಹುದು ಎಂದು ಅಧ್ಯಕ್ಷರು ಹೇಳಿದಾಗ ಹಿಂದಿನ ಸಾಲಿನಿಂದ ಹರ್ಷಿತಾ ಎದ್ದಳು. ಮಾದೇಶ ಅವಳ ಪಕ್ಕದಲ್ಲೇ ಕೂತಿದ್ದ.

"ನಂಗೆ ಓದು ಬರಹ ಬತ್ತದೆ ಮೇಡಂ, ಆದ್ರೆ ನಿಮ್ ಮಿಷಿನ್ ವಿಸ್ಯ ಅರ್ಥವಾಗಕಿಲ್ಲ. ಒಂದು ಹೇಳಿ. ಈ ಮಾತು ನಾನು ಕೇಳಾಕೆ ಒಪ್ಪಕಿಲ್ಲ ಅಂತ ಅದಕ್ಕೆ ಕಲಿಸ್ಕೊಟ್ಟೋರು ಯಾರು? ಇಯರ್‌ಬಡ್ ಹಾಕ್ಕಂಡ ಮೊದಲನೇ ದಿನವೇ ಅದಕ್ಕೆ ಗೊತ್ತಿತ್ತಂತಲ್ಲ."

ಇದನ್ನು ಸಮಿತಿಯವರು ಯಾರೂ ಕೇಳಿರಲಿಲ್ಲ. ಧೃತಿ ತನ್ನ ಕಂಪ್ಯೂಟರಿನಿಂದ ಪುರಭವನದ ಪರದೆಗೆ ಒಂದು ಹಳೆಯ ಕಡತವನ್ನು ಹಾಕಿದಳು.

"ಯಂತ್ರ ಏನನ್ನೇ ಮಾಡಬೇಕಾದರೂ ಮೊದಲು ಅದಕ್ಕೆ ಉದಾಹರಣೆ ಕೊಡಬೇಕಮ್ಮಾ. ಇವು ಮೂವತ್ತು ವರ್ಷದ ಹಿಂದಿನವು, ಎರಡು ಸಾವಿರದ ಇಪ್ಪತ್ತಾರರ ಸುಮಾರಿನವು. ಆಗ ಟೀವಿಯಲ್ಲಿ, ಫೋನಿನಲ್ಲಿ ಜನ ಸುದ್ದಿ ನೋಡುತ್ತಿದ್ದರು. ಯಾವ ಮಾತು ಬಂದಾಗ ಯಾರು ಚಾನೆಲ್ ಬದಲಿಸಿದರು, ಯಾವ ಸಾಲಿಗೆ ಬೆರಳಿನಿಂದ ತಳ್ಳಿ ಮುಂದೆ ಹೋದರು ಎಂಬುದನ್ನು ಕಂಪನಿಗಳು ದಾಖಲಿಸಿಟ್ಟಿದ್ದವು. ಹೆಸರುಗಳಿಲ್ಲ. ಕೋಟಿಗಟ್ಟಲೆ ಇವೆ. ನನ್ನ ಯಂತ್ರ ಇವನ್ನೇ ನೋಡಿ ಕಲಿಯಿತು. ಅವರು ಬೆರಳಿನಿಂದ ಮಾಡುತ್ತಿದ್ದುದನ್ನು ಇದು ಅವರಿಗಿಂತ ಸ್ವಲ್ಪ ಮುಂಚೆ ಮಾಡಿತು."

"ಯಾರಾದ್ರೂ ಬಲವಂತ ಮಾಡಿದ್ರಾ ಅವ್ರಿಗೆ?"

"ಇಲ್ಲ."

ಧೃತಿ ಒಂದು ದಾಖಲೆಯನ್ನು ತೆರೆದಳು. ಎಲ್ಲಿಯದೋ, ಯಾರದೋ ಮನೆಯ ಒಂದು ಬೆಳಗು. ಆ ಕಾಲದ ಟೀವಿಯಲ್ಲಿ ಒಬ್ಬಾಕೆ ಮೇಜಿನ ಮೇಲೆ ಪತ್ರಿಕೆಗಳನ್ನು ಹರಡಿಕೊಂಡು ಓದುತ್ತಿದ್ದಳು. ಅವುಗಳಲ್ಲಿ ಒಂದರ ಹೆಸರನ್ನು ಅಳಿಸಲಾಗಿತ್ತು. ಅವಳು ಆ ಪತ್ರಿಕೆಯನ್ನು ಕೈಗೆತ್ತಿಕೊಂಡು ಹೇಳಿದಳು: "ಇವರ ವರದಿಯ ಪ್ರಕಾರ, ಜಿಲ್ಲೆಯಲ್ಲಿ ಜನ ದಿನಾಲೂ ಓಡಾಡುವ ಹಳೆಯ ಸೇತುವೆಗಳ ಪೈಕಿ..."

ಪರದೆ ಒಮ್ಮೆ ಮಿನುಗಿ ಯಾವುದೋ ಹಾಡು ಬಂತು. ಮನೆಯಲ್ಲಿದ್ದವರು ಚಾನೆಲ್ ಬದಲಿಸಿದ್ದರು. ಧೃತಿ ಅದೇ ಬೆಳಗಿನ ಇನ್ನೊಂದು ಮನೆಯದನ್ನು ತೆರೆದಳು. ಪತ್ರಿಕೆ ಕೈಗೆ ಬಂದ ಕೂಡಲೇ ಅಲ್ಲಿ ಅಡುಗೆ ಕಾರ್ಯಕ್ರಮ ಬಂತು. ಮತ್ತೊಂದು ಮನೆ. ಮತ್ತೊಂದು.

"ಪೂರ್ತಿ ಹಾಕಿ ಮೇಡಂ" ಎಂದಳು ಹರ್ಷಿತಾ. "ಯಾವ ಸೇತುವೆ ಅಂತ ಕೇಳಾಣ."

"ನನ್ನ ಹತ್ತಿರ ಇಷ್ಟೇ ಇರುವುದು. ಬದಲಿಸಿದವರ ದಾಖಲೆಗಳನ್ನು ಮಾತ್ರ ನಾನು ತೆಗೆದುಕೊಂಡಿದ್ದೆ. ಯಂತ್ರಕ್ಕೆ ಅಷ್ಟೇ ಸಾಕಾಗಿತ್ತು."

ಅಧ್ಯಕ್ಷರು ಕನ್ನಡಕ ತೆಗೆದು ಪರದೆಯತ್ತ ಬಾಗಿದರು. ಅವರಿಗೆ ಎಪ್ಪತ್ತರ ಮೇಲಾಗಿತ್ತು. ಆ ಕಾಲದಲ್ಲಿ ಅವರೂ ಟೀವಿ ಮುಂದೆ ಕೂತವರೇ. ಆ ಸೇತುವೆಗಳು ಯಾವುವೆಂದು ಅವರು ನೆನಪಿಸಿಕೊಳ್ಳಲು ನೋಡಿದರು. ಸಭೆಯಲ್ಲಿದ್ದ ಹಿರಿಯರೆಲ್ಲ ನೆನೆಯಲು ನೋಡಿದರು. ಯಾರಿಗೂ ನೆನಪಾಗಲಿಲ್ಲ. ಆ ಮಾತನ್ನು ಕೊನೆಯವರೆಗೆ ಕೇಳಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.